ಆಲ್ವಿನ್ ಕ್ಲಾರ್ಕ್ (ಮಿಶಿಗನ್ ಸರೋವರದ ಹಾಯಿಹಡಗು)

ಉತ್ತರ ಅಮೆರಿಕದ ಮಿಶಿಗನ್ ಸರೋವರದಲ್ಲಿ ಸರಕು ಸಾಗಿಸುತ್ತಿದ್ದ, ಎರಡು ಹಾಯಿಕಂಬಗಳ ಮರದ ಹಡಗು. 1864ರ ಜೂನ್ 29ರಂದು ಆ ಸರೋವರದ ವಾಯವ್ಯ ಮೂಲೆಯಲ್ಲಿರುವ ಗ್ರೀನ್ ಬೇ ಕೊಲ್ಲಿಯಲ್ಲಿ ಬಿರುಗಾಳಿಗೆ ಸಿಕ್ಕಿ ಮಗುಚಿ ಮುಳುಗಿತು. 1969ರಲ್ಲಿ ಇದನ್ನು ಬಹುಮಟ್ಟಿಗೆ ಇಡಿಯಾಗಿ ಮೇಲೆತ್ತಲಾಯಿತು. ಮೇಲೆ ಬಂದ ಮೇಲೆ ಮರ ಒಣಗಿ, ಸೀಳಿ, ಕೊಳೆತು 1994ರಲ್ಲಿ ಹಡಗನ್ನು ಒಡೆದುಹಾಕಬೇಕಾಯಿತು. ಮುಳುಗಡೆಯಾಗಿ ನೋಡಿದರೆ ಇದು ಆ ಕಾಲದ ಸಾಮಾನ್ಯ ಅಪಘಾತ. ಇದರ ಮಹತ್ವ ಇರುವುದು ನೀರಿನ ಅಡಿಯಲ್ಲಿ ಕಳೆದ 105 ವರ್ಷ ಮತ್ತು ನೀರಿನ ಹೊರಗೆ ಕಳೆದ 25 ವರ್ಷಗಳ ನಡುವಿನ ವ್ಯತ್ಯಾಸದಲ್ಲಿ. ಮುಳುಗಿದ ಮರದ ಹಡಗುಗಳನ್ನು ಏನು ಮಾಡಬೇಕು ಎಂಬ ಚರ್ಚೆ ಎಲ್ಲಿ ನಡೆದರೂ ಈ ಹೆಸರು ಬರುತ್ತದೆ.

ರಚನೆ ಮತ್ತು ದುಡಿಮೆ

ಹಡಗು ಕಟ್ಟಿದ್ದು 1846ರಲ್ಲಿ ಅಥವಾ 1847ರಲ್ಲಿ. ಬರಹಗಳಲ್ಲಿ ಎರಡೂ ವರ್ಷಗಳು ಕಾಣುತ್ತವೆ. ಕಟ್ಟಿದ ಸ್ಥಳ ಮಿಶಿಗನ್ ರಾಜ್ಯದ, ಈಗ ಟ್ರೆಂಟನ್ ಎಂದು ಕರೆಯುವ ಊರು. ಉದ್ದ ಸುಮಾರು 110 ಅಡಿ. ಒಳಚೌಕಟ್ಟಿಗೆ ಓಕ್ ಮರ. ಸ್ಕೂನರ್ ವರ್ಗದ ಈ ಹಡಗುಗಳಲ್ಲಿ ಹಾಯಿಗಳು ಹಡಗಿನ ಉದ್ದಕ್ಕೆ ಸಮಾನಾಂತರವಾಗಿ ನಿಲ್ಲುತ್ತವೆ, ಅಡ್ಡಕ್ಕೆ ಅಲ್ಲ. ಹಾಗಾಗಿ ಹೆಚ್ಚಿನ ಕೆಲಸವನ್ನು ಅಟ್ಟದ ಮೇಲೆ ನಿಂತೇ ಹಗ್ಗ ಎಳೆದು ಮಾಡಬಹುದು. ಐದಾರು ಜನ ಸಾಕು. ಆಲ್ವಿನ್ ಕ್ಲಾರ್ಕ್ ಇದರ ಜೊತೆಗೆ ಮುಂದಿನ ಕಂಬದ ಮೇಲ್ಭಾಗದಲ್ಲಿ ಅಡ್ಡಹಾಯಿಯನ್ನೂ ಹೊತ್ತಿದ್ದ ಹಳೆಯ ಬಗೆಯದು. ಬೆನ್ನಿಗೆ ಗಾಳಿ ಇದ್ದಾಗ ಅಡ್ಡಹಾಯಿಯಿಂದ ವೇಗ ಸಿಗುತ್ತದೆ. ಅವಸರದಲ್ಲಿ ಅದನ್ನು ಮಡಚಬೇಕಾದರೆ ಮಾತ್ರ ಜನ ಕಂಬ ಹತ್ತಬೇಕು.

1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ಮಿಶಿಗನ್ ಸೇರಿದಂತೆ ಐದು ಮಹಾಸರೋವರಗಳ ಸುತ್ತಲಿನ ನಾಡಿಗೆ ನ್ಯೂಯಾರ್ಕಿನ ಮಾರುಕಟ್ಟೆ ಹತ್ತಿರವಾಯಿತು. ಪಶ್ಚಿಮದ ಗೋಧಿ ಪೂರ್ವಕ್ಕೆ, ಪೂರ್ವದ ಕಲ್ಲಿದ್ದಲು ಮತ್ತು ವಲಸಿಗರು ಪಶ್ಚಿಮಕ್ಕೆ, ಉತ್ತರದ ಕಾಡಿನ ಮರ ದಕ್ಷಿಣದ ಊರುಗಳಿಗೆ ನೀರಿನ ಮೇಲೆಯೇ ಹೋದವು. 1860ರ ದಶಕದ ಕೊನೆಗೆ ಐದು ಸರೋವರಗಳಲ್ಲಿ ಸುಮಾರು 1,800 ಹಾಯಿಹಡಗುಗಳು ದುಡಿಯುತ್ತಿದ್ದವು ಎಂಬ ಅಂದಾಜಿದೆ. ಇಷ್ಟು ಹಡಗುಗಳಿದ್ದರೂ ಅವುಗಳನ್ನು ಹೇಗೆ ಕಟ್ಟುತ್ತಿದ್ದರು ಎಂಬುದಕ್ಕೆ ನಕ್ಷೆಗಳು ಬಹಳ ಕಡಿಮೆ. ಕಟ್ಟುವವರು ಕಾಗದದ ಮೇಲೆ ಬರೆಯುವ ಬದಲು ಹಡಗಿನ ಅರ್ಧಭಾಗದ ಮಾದರಿಯನ್ನು ಮರದಲ್ಲಿ ಕೆತ್ತಿ, ಅದರಿಂದ ಅಳತೆ ತೆಗೆದು ಕೆಲಸ ನಡೆಸುತ್ತಿದ್ದರು. ಮಾದರಿ ಕಳೆದುಹೋದರೆ ಹಡಗೇ ದಾಖಲೆ. ದೇಹ, ಕಂಬ, ಅಡುಗೆ ಕೋಣೆಯ ಪಾತ್ರೆಗಳ ಸಮೇತ ಸಿಕ್ಕ ಆಲ್ವಿನ್ ಕ್ಲಾರ್ಕಿಗೆ ಬೆಲೆ ಬಂದದ್ದು ಇದರಿಂದಲೇ. ನೆಲದ ಮೇಲೆ ಉಳಿದಿದ್ದ ಅಮೆರಿಕದ ಯಾವ ವ್ಯಾಪಾರಿ ಹಾಯಿಹಡಗೂ ಆ ಕಾಲದ ದಿನನಿತ್ಯದ ಬದುಕನ್ನು ಅಷ್ಟು ತುಂಬಾಗಿ ಇಟ್ಟುಕೊಂಡಿರಲಿಲ್ಲ.

ಮುಳುಗಡೆ

ಗ್ರೀನ್ ಬೇ ಸುಮಾರು 190 ಕಿ.ಮೀ. ಉದ್ದದ ಕೊಲ್ಲಿ. ಪೂರ್ವಕ್ಕೆ ಡೋರ್ ಪರ್ಯಾಯದ್ವೀಪ ಇದನ್ನು ಮಿಶಿಗನ್ ಸರೋವರದ ತೆರೆದ ನೀರಿನಿಂದ ಬೇರ್ಪಡಿಸುತ್ತದೆ. ಪಶ್ಚಿಮ ದಡದಲ್ಲಿ ಒಕಾಂಟೊ, ಪೆಶ್ಟಿಗೊ, ಮ್ಯಾರಿನೆಟ್, ಮೆನಾಮಿನಿ ಎಂಬ ಊರುಗಳು ನದೀಮುಖಗಳ ಆಸುಪಾಸಿನಲ್ಲಿ ಬೆಳೆದವು. ಒಳನಾಡಿನ ಪೈನ್ ಮರದ ದಿಮ್ಮಿಗಳು ಆ ನದಿಗಳಲ್ಲಿ ತೇಲಿ ಬಂದು, ಈ ಊರುಗಳ ಗರಗಸದ ಮಿಲ್ಲುಗಳಲ್ಲಿ ಹಲಗೆಯಾಗಿ, ಹಡಗು ಹತ್ತಿ ಶಿಕಾಗೊ ಸೇರುತ್ತಿದ್ದವು. ಶಿಕಾಗೊ ನಗರವನ್ನು ಕಟ್ಟಿದ ಹಲಗೆಯಲ್ಲಿ ದೊಡ್ಡ ಪಾಲು ಈ ಕೊಲ್ಲಿಯದು. 1871ರ ಅಕ್ಟೋಬರ್ 8ರ ಒಂದೇ ರಾತ್ರಿ ಶಿಕಾಗೊ ಮತ್ತು ಪೆಶ್ಟಿಗೊ ಎರಡಕ್ಕೂ ಬೆಂಕಿ ಬಿದ್ದದ್ದನ್ನು ಈ ವ್ಯಾಪಾರದ ಚರಿತ್ರೆಕಾರರು ಮರೆಯುವುದಿಲ್ಲ.

1864ರ ಜೂನ್ 29ರಂದು ಆಲ್ವಿನ್ ಕ್ಲಾರ್ಕ್ ಶಿಕಾಗೊದಿಂದ ಖಾಲಿಯಾಗಿ ಬರುತ್ತಿತ್ತು. ಒಕಾಂಟೊದಲ್ಲಿ ಹಲಗೆ ತುಂಬಬೇಕಿತ್ತು. ಹೊಸ ಸರಕಿಗೆ ಒಡಲನ್ನು ಸಿದ್ಧಪಡಿಸಲು ಅಟ್ಟದ ಮೇಲಿನ ಸರಕುಬಾಯಿಗಳ ಮುಚ್ಚಳ ತೆಗೆದಿಟ್ಟಿದ್ದರು. ಕೊಲ್ಲಿಯ ನಡುವಿನ ಚೇಂಬರ್ಸ್ ದ್ವೀಪದ ಸಮೀಪದಲ್ಲಿ ಹಠಾತ್ ಬಿರುಗಾಳಿ ಎರಗಿತು. ಹಡಗು ಮಗುಚಿ, ನೀರು ತುಂಬಿ ತಳ ಸೇರಿತು. ಕ್ಯಾಪ್ಟನ್ ಸೇರಿದಂತೆ ಮೂವರು ಸತ್ತರು. ಉಳಿದ ಇಬ್ಬರನ್ನು ಆ ದಾರಿಯಲ್ಲಿದ್ದ ಮತ್ತೊಂದು ಹಾಯಿಹಡಗು ಎತ್ತಿಕೊಂಡಿತು. ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಆ ಬೇಸಿಗೆಯಲ್ಲಿ ಮೂರು ನಾವಿಕರ ಸಾವು ದೊಡ್ಡ ಸುದ್ದಿಯಾಗಲಿಲ್ಲ.

ಮಗುಚಲು ಕಾರಣಗಳು

ಸರೋವರದ ಸ್ಕೂನರ್ ಸಮುದ್ರದ ಸ್ಕೂನರಿನಂತೆ ಆಳದ ಹಡಗಲ್ಲ. ಆ ಕಾಲದ ಬಂದರುಗಳ ಬಾಯಲ್ಲಿ ಮರಳದಿಬ್ಬಗಳಿದ್ದವು, ಕಾಲುವೆಯ ಕಟ್ಟೆಬಾಗಿಲುಗಳಲ್ಲಿ ನೀರು ಆಳವಿರಲಿಲ್ಲ. ಆದ್ದರಿಂದ ಇಲ್ಲಿನ ಹಡಗುಗಳ ತಳ ಚಪ್ಪಟೆ, ಬದಿಗಳು ನೇರ. ಗಾಳಿಗೆ ಪಕ್ಕಕ್ಕೆ ಜಾರದಂತೆ ತಡೆಯಲು ಅನೇಕ ಹಡಗುಗಳು ಆಳದ ಬೆನ್ನೆಲುಬಿನ ಬದಲು ಬೇಕಾದಾಗ ಇಳಿಸಿ, ಬೇಡವಾದಾಗ ಎತ್ತಿಕೊಳ್ಳುವ ನಡುಹಲಗೆಯನ್ನು ಇಟ್ಟುಕೊಂಡಿದ್ದವು. ತುಂಬಿದ ಹಡಗಿನಲ್ಲಿ ಸರಕೇ ತಳದ ಭಾರ. ಸರಕಿಲ್ಲದೆ ಬರುವಾಗ ಆ ಭಾರ ಇರುವುದಿಲ್ಲ. ಎತ್ತರದ ಕಂಬ, ಅಡ್ಡಗಳೆ, ನೆನೆದ ಹಾಯಿ, ಹಗ್ಗಗಳ ತೂಕ ಮಾತ್ರ ಹಾಗೆಯೇ ಇರುತ್ತದೆ. ಹಡಗಿನ ಗುರುತ್ವಕೇಂದ್ರ ಮೇಲೇರುತ್ತದೆ. ಒಡಲು ನೀರಿನ ಮೇಲೆ ಎತ್ತರವಾಗಿ ನಿಂತು ಅದೂ ಗಾಳಿಗೆ ಎದೆಯೊಡ್ಡುತ್ತದೆ.

ಬೇಸಿಗೆಯ ಗುಡುಗುಮೋಡ ಸರೋವರದ ಮೇಲೆ ಬಂದಾಗ ಗಾಳಿ ಮೆಲ್ಲಗೆ ಏರುವುದಿಲ್ಲ. ಮೋಡದಿಂದ ಕೆಳಗೆ ಬೀಳುವ ತಣ್ಣನೆಯ ಗಾಳಿ ನೀರಿನ ಮೇಲೆ ಬಡಿದು ಹರಡುತ್ತದೆ. ಕೆಲವೇ ನಿಮಿಷಗಳಲ್ಲಿ ವೇಗ ಎರಡು ಮೂರು ಪಟ್ಟಾಗುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಗಂಟೆಗೆ 20 ಕಿ.ಮೀ. ಗಾಳಿ 60 ಕಿ.ಮೀ. ಆದರೆ ಹಾಯಿಯ ಮೇಲಿನ ಒತ್ತಡ ಒಂಬತ್ತು ಪಟ್ಟಾಗುತ್ತದೆ. ಅಷ್ಟರೊಳಗೆ ಹಾಯಿ ಇಳಿಸಬೇಕು. ಐವರಿರುವ ಹಡಗಿನಲ್ಲಿ ಒಬ್ಬ ಚುಕ್ಕಾಣಿ ಹಿಡಿದಿದ್ದು ಕೆಲವರು ಒಡಲಿನ ಕೆಲಸದಲ್ಲಿದ್ದರೆ ಹಗ್ಗ ಬಿಡಲು ಕೈಗಳು ಸಾಲುವುದಿಲ್ಲ.

ಇಷ್ಟಾದರೂ ವಾಲಿದ ಹಡಗು ಮುಳುಗಲೇಬೇಕೆಂದಿಲ್ಲ. ಮುಚ್ಚಳಗಳು ಭದ್ರವಾಗಿದ್ದರೆ ಒಡಲಿನ ಗಾಳಿ ಅದನ್ನು ತೇಲಿಸಿಟ್ಟಿರುತ್ತದೆ. ಪಕ್ಕಕ್ಕೆ ಬಿದ್ದ ಎಷ್ಟೋ ಸ್ಕೂನರುಗಳನ್ನು ದಡಕ್ಕೆ ಎಳೆದು, ನೆಟ್ಟಗೆ ಮಾಡಿ, ಮತ್ತೆ ದುಡಿಸಿದ್ದುಂಟು. ಆಲ್ವಿನ್ ಕ್ಲಾರ್ಕಿನ ಸರಕುಬಾಯಿಗಳು ತೆರೆದಿದ್ದವು. ಅಟ್ಟದ ಅಂಚು ನೀರಿಗೆ ತಾಗಿದ ಮೇಲೆ ಸರಕುಬಾಯಿಯ ಸುತ್ತಲಿನ ತಗ್ಗು ಕಟ್ಟೆ ಹೆಚ್ಚು ಹೊತ್ತು ನೀರನ್ನು ತಡೆಯುವುದಿಲ್ಲ. ಒಳಗೆ ನುಗ್ಗಿದ ನೀರು ತಗ್ಗಿದ ಬದಿಗೇ ಹರಿದು ವಾಲುವಿಕೆಯನ್ನು ಇನ್ನೂ ಹೆಚ್ಚಿಸುತ್ತದೆ. ಹೆಚ್ಚಿದ ವಾಲುವಿಕೆ ಇನ್ನಷ್ಟು ನೀರನ್ನು ಒಳಗೆಳೆಯುತ್ತದೆ. ಗಾಳಿ, ಖಾಲಿ ಒಡಲು, ತೆರೆದ ಬಾಯಿ, ಈ ಮೂರರಲ್ಲಿ ಒಂದಿಲ್ಲದಿದ್ದರೂ ಹಡಗು ಉಳಿಯುವ ಸಾಧ್ಯತೆ ಇತ್ತು. ಬಾಯಿ ತೆರೆದಿಟ್ಟದ್ದನ್ನು ನಾವಿಕರ ಅಜಾಗ್ರತೆ ಎನ್ನುವ ಬರಹಗಳಿವೆ. ಅದು ಪೂರ್ತಿ ನ್ಯಾಯವಲ್ಲ. ಬಂದರು ಸೇರುವ ಮೊದಲೇ ಒಡಲನ್ನು ಚೊಕ್ಕಟ ಮಾಡಿಟ್ಟುಕೊಂಡರೆ ತುಂಬುವ ಸಮಯ ಉಳಿಯುತ್ತಿತ್ತು. ವರ್ಷದಲ್ಲಿ ನಾಲ್ಕೈದು ತಿಂಗಳು ಮಂಜುಗಡ್ಡೆಯಿಂದ ಮುಚ್ಚಿಹೋಗುವ ಜಲಮಾರ್ಗದಲ್ಲಿ ಬೇಸಿಗೆಯ ಪ್ರತಿ ದಿನಕ್ಕೂ ಬೆಲೆಯಿತ್ತು.

ಹಡಗು ಮಗುಚಿದರೂ ಇಳಿಯುತ್ತ ನೆಟ್ಟಗಾಗಿ, ಸುಮಾರು 110 ಅಡಿ ಆಳದಲ್ಲಿ ತಳದ ಮೇಲೆಯೇ ಕುಳಿತಿತು. ಎರಡೂ ಕಂಬಗಳು ನಿಂತೇ ಇದ್ದವು.

ಸರೋವರದ ತಳದಲ್ಲಿ ಮರ

ಮರದ ಹಡಗಿಗೆ ಸಮುದ್ರದಲ್ಲಿ ಇರುವ ದೊಡ್ಡ ಶತ್ರು ಹಡಗುಹುಳ. ಹೆಸರು ಹುಳವಾದರೂ ಇದು ಚಿಪ್ಪುಜೀವಿ. ಟೆರೆಡೊ ಕುಲಕ್ಕೆ ಸೇರಿದ್ದು. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ರಂಧ್ರ ಕೊರೆದು ಒಳಹೊಕ್ಕು, ತಲೆಯ ಮೇಲಿನ ಎರಡು ಸಣ್ಣ ಚಿಪ್ಪುಗಳಿಂದ ಮರವನ್ನು ಅರೆಯುತ್ತ ಸುರಂಗದಲ್ಲೇ ಬೆಳೆಯುತ್ತದೆ. ಹೊರಗಿನಿಂದ ಹಲಗೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳು. ಕರ್ನಾಟಕದ ಕರಾವಳಿಯ ಮೀನುಗಾರರು ದೋಣಿಯ ತಳಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದುದು ಇಂಥ ಕೊರಕ ಜೀವಿಗಳನ್ನು ದೂರವಿಡಲು. ಉಪ್ಪಿಲ್ಲದ ನೀರಿನಲ್ಲಿ ಹಡಗುಹುಳ ಬದುಕದು. ಮಹಾಸರೋವರಗಳು ಸಿಹಿನೀರಿನವು, ಬಾಲ್ಟಿಕ್ ಸಮುದ್ರದ ಬಹುಭಾಗದ ನೀರಿನಲ್ಲಿ ಉಪ್ಪು ತೀರ ಕಡಿಮೆ. ಹಳೆಯ ಮರದ ಹಡಗುಗಳು ಇಡಿಯಾಗಿ ಸಿಗುವ ಎರಡು ಪ್ರಮುಖ ತಾಣಗಳು ಇವೇ ಆಗಿರುವುದಕ್ಕೆ ಇದು ಮೊದಲ ಕಾರಣ.

ಎರಡನೆಯ ಕಾರಣ ಚಳಿ. ನೀರು ಅತ್ಯಂತ ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಆಳದ ಸರೋವರಗಳ ತಳದ ನೀರು ಬಹುಕಾಲ ಆ ಉಷ್ಣತೆಯ ಆಸುಪಾಸಿನಲ್ಲೇ ಇರುತ್ತದೆ. ಆ ಚಳಿಯಲ್ಲಿ ಸೂಕ್ಷ್ಮಜೀವಿಗಳ ಕೆಲಸ ನಿಧಾನ. ಇದರ ಮೇಲೆ ಆಲ್ವಿನ್ ಕ್ಲಾರ್ಕಿನ ಒಡಲು ನುಣುಪಾದ ಹೂಳಿನಿಂದ ತುಂಬಿಕೊಂಡಿತ್ತು. ಹೂಳಿನೊಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಮರ ಕೊಳೆಸುವ ಶಿಲೀಂಧ್ರಗಳಿಗೆ ಗಾಳಿ ಬೇಕೇ ಬೇಕು; ಅದಿಲ್ಲದ ಕಡೆ ಕೆಲವು ಜಾತಿಯ ಬ್ಯಾಕ್ಟೀರಿಯಗಳು ಮಾತ್ರ ದಶಕಗಳ ಕಾಲ ಮೆಲ್ಲಗೆ ತಿನ್ನುತ್ತವೆ.

ಮೆಲ್ಲಗೆ ತಿನ್ನುತ್ತವೆ ಎಂಬುದನ್ನು ಒತ್ತಿ ಹೇಳಬೇಕು. ಮುಳುಗಿದ ಮರ ಬದಲಾಗದೆ ಉಳಿದಿರುವುದಿಲ್ಲ. ಮರದ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಎರಡು ಮುಖ್ಯ ದ್ರವ್ಯಗಳಿವೆ. ಬ್ಯಾಕ್ಟೀರಿಯಗಳು ಸೆಲ್ಯುಲೋಸನ್ನು ಕ್ರಮೇಣ ಕರಗಿಸುತ್ತವೆ. ಲಿಗ್ನಿನ್ ಬಹುಮಟ್ಟಿಗೆ ಉಳಿಯುತ್ತದೆ. ಕರಗಿದ ಕಡೆಯಲ್ಲೆಲ್ಲ ನೀರು ಸೇರಿಕೊಂಡು ಗೋಡೆಯನ್ನು ಹಿಡಿದು ನಿಲ್ಲಿಸುತ್ತದೆ. ಉಳಿ ಮಾಡಿದ ಗೀರು, ಬೈರಿಗೆಯ ರಂಧ್ರ, ಕೊಡಲಿಯ ಏಟಿನ ಗುರುತು ಎಲ್ಲವೂ ನಿಚ್ಚಳವಾಗಿ ಕಾಣುತ್ತವೆ. ಮುಟ್ಟಿದರೆ ಗಟ್ಟಿಯಾಗಿದೆ ಎನಿಸುತ್ತದೆ. ಆ ಗಟ್ಟಿತನದ ಒಂದು ಪಾಲು ನೀರಿನದು.

ಹೊರತೆಗೆದ ಮೇಲೆ ನೀರು ಆವಿಯಾಗುತ್ತದೆ. ಕೋಶದ ಕಿರುನಾಳದಲ್ಲಿ ಹಿಂದೆ ಸರಿಯುವ ನೀರಿನ ಮೇಲ್ಮೈ ತನ್ನ ಜೊತೆ ಗೋಡೆಗಳನ್ನೂ ಒಳಕ್ಕೆಳೆಯುತ್ತದೆ. ಗಟ್ಟಿ ಮರವಾದರೆ ತಡೆದುಕೊಂಡೀತು. ಸೆಲ್ಯುಲೋಸ್ ಕಳೆದುಕೊಂಡ ಗೋಡೆ ಕುಸಿಯುತ್ತದೆ. ಬಿಸಿಲಿಗೆ ಹಾಕಿದ ಬಾಳಕದ ಮೆಣಸಿನಕಾಯಿಯಂತೆ ಮರ ಸುಕ್ಕುಗಟ್ಟುತ್ತದೆ, ಮತ್ತೆ ನೀರಿಗೆ ಹಾಕಿದರೂ ಹಳೆಯ ಆಕಾರಕ್ಕೆ ಬರುವುದಿಲ್ಲ. ಈ ಕುಗ್ಗುವಿಕೆ ಎಲ್ಲ ದಿಕ್ಕಿಗೂ ಸಮವಲ್ಲ. ನಾರಿನ ಉದ್ದಕ್ಕೆ ಅತ್ಯಲ್ಪ; ತಿರುಳಿನಿಂದ ತೊಗಟೆಯ ಕಡೆಗೆ ಅದಕ್ಕಿಂತ ಬಹಳ ಹೆಚ್ಚು; ವಾರ್ಷಿಕ ಉಂಗುರಗಳ ಗುಂಟ ಇನ್ನೂ ಸುಮಾರು ಎರಡು ಪಟ್ಟು. ಒಂದೇ ತುಂಡಿನೊಳಗೆ ಮೂರು ಬಗೆಯ ಎಳೆತ ನಡೆದಾಗ ಮರ ಸೀಳುತ್ತದೆ. ಹಡಗೊಂದರಲ್ಲಿ ಸಾವಿರಾರು ತುಂಡುಗಳು ಬೇರೆ ಬೇರೆ ದಿಕ್ಕಿಗೆ ಬೆಸೆದುಕೊಂಡಿರುತ್ತವೆ. ನಡುನಡುವೆ ಕಬ್ಬಿಣದ ಮೊಳೆಗಳಿರುತ್ತವೆ. ಅವು ಗಾಳಿಯಲ್ಲಿ ತುಕ್ಕು ಹಿಡಿದು ಉಬ್ಬುತ್ತವೆ, ಓಕ್ ಮರದ ಟ್ಯಾನಿನ್ ಜೊತೆ ಸೇರಿ ಸುತ್ತಲಿನ ಮರವನ್ನು ಕಪ್ಪಾಗಿಸುತ್ತವೆ. ಮರ ಪೂರ್ತಿ ಒಣಗದೆ ಅರೆಹಸಿಯಾಗಿ ಉಳಿದರೆ, ಒಂದು ಶತಮಾನ ದೂರವಿದ್ದ ಶಿಲೀಂಧ್ರಗಳಿಗೆ ಬೇಕಾದ ಗಾಳಿ, ತೇವ, ಬೆಚ್ಚಗಿನ ಹವೆ ಮೂರೂ ಒಮ್ಮೆಗೇ ಸಿಗುತ್ತವೆ.

ಇದಕ್ಕೆ ಪರಿಹಾರ ತಿಳಿದಿತ್ತು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ನೀರಿನಲ್ಲಿ ಕರಗುವ ಮೇಣದಂಥ ವಸ್ತುವನ್ನು ಮರಕ್ಕೆ ನಿರಂತರವಾಗಿ ಸಿಂಪಡಿಸಿದರೆ ಅದು ಕೋಶಗಳೊಳಗೆ ನೀರಿನ ಜಾಗವನ್ನು ಹಿಡಿದು, ಒಣಗಿದ ಮೇಲೂ ಗೋಡೆಗೆ ಆಸರೆಯಾಗಿ ನಿಲ್ಲುತ್ತದೆ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ಸ್ವೀಡನ್ನಿನ ಯುದ್ಧನೌಕೆ ವಾಸಾ 1961ರಲ್ಲಿ ಮೇಲೆ ಬಂತು. ಅದಕ್ಕೆ ಈ ದ್ರಾವಣವನ್ನು 17 ವರ್ಷ ಸಿಂಪಡಿಸಿ, ಆಮೇಲೆ ಇನ್ನೂ ಹಲವು ವರ್ಷ ಮೆಲ್ಲಗೆ ಒಣಗಿಸಿದರು. ಈಗಿನ ವಸ್ತುಸಂಗ್ರಹಾಲಯ ತೆರೆದದ್ದು 1990ರಲ್ಲಿ. ಇಡೀ ರಾಷ್ಟ್ರ ಬೆನ್ನಿಗೆ ನಿಂತ ಕೆಲಸ ಅದು. ಅಷ್ಟಾದರೂ 2000ದ ಸುಮಾರಿಗೆ ಅದರ ಮರದಲ್ಲಿ ಗಂಧಕಾಮ್ಲ ಹುಟ್ಟುತ್ತಿರುವುದು ಕಂಡುಬಂದು ಹೊಸ ಚಿಕಿತ್ಸೆ ಹುಡುಕಬೇಕಾಯಿತು. ಆಲ್ವಿನ್ ಕ್ಲಾರ್ಕನ್ನು ಎತ್ತಿದ ವರ್ಷ ವಾಸಾದ ಸಿಂಪಡಣೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.

ಪತ್ತೆ ಮತ್ತು ಎತ್ತುವಿಕೆ

1967ರ ನವೆಂಬರಿನಲ್ಲಿ ಚೇಂಬರ್ಸ್ ದ್ವೀಪದ ಬಳಿ ಮೀನುಗಾರರ ಬಲೆ ತಳದಲ್ಲಿ ಯಾವುದಕ್ಕೋ ಸಿಕ್ಕಿಕೊಂಡಿತು. ಬಿಡಿಸಲು ವಿಸ್ಕಾನ್ಸಿನ್‌ನ ಮುಳುಗುಗಾರ ಫ್ರಾಂಕ್ ಹಾಫ್‌ಮನ್ ಇಳಿದ. ಕದಡಿದ ನೀರಿನಲ್ಲಿ ಬಲೆಯ ಗುಂಟ ಹೋದವನಿಗೆ ನಿಂತ ಕಂಬಗಳ ಹಡಗು ಸಿಕ್ಕಿತು. ಹೆಸರು ಗೊತ್ತಾಗಲಿಲ್ಲ. 'ನಿಗೂಢ ಹಡಗು' ಎಂದು ಜನ ಕರೆದರು. ಒಳಗಿನ ವಸ್ತುಗಳನ್ನೂ ಹಳೆಯ ಪತ್ರಿಕೆಗಳನ್ನೂ ತಾಳೆ ಹಾಕಿದ ಮೇಲೆ ಗುರುತು ಹತ್ತಿತು.

ಹಾಫ್‌ಮನ್ ಮತ್ತು ಅವನ ಜೊತೆಗಾರರು ಸ್ವಂತ ಹಣ, ಸಾಲ, ಬಿಡುವಿನ ವೇಳೆ ಸೇರಿಸಿ ಹಡಗನ್ನು ಎತ್ತಲು ಹೊರಟರು. ಕಂಬಗಳನ್ನು ಬಿಚ್ಚಿ ಮೊದಲೇ ಮೇಲೆ ತಂದರು. ಒಡಲಿನ ಹೂಳನ್ನು ಪಂಪಿನಿಂದ ಹೀರಿ ತೆಗೆದರು. ತಳದ ಕೆಳಗೆ ನೀರಿನ ಬಲವಾದ ಧಾರೆಯಿಂದ ಸುರಂಗ ಕೊರೆದು ಅದರೊಳಗೆ ಉಕ್ಕಿನ ಹಗ್ಗ ತೂರಿಸಿದರು. ಹಗಲಲ್ಲೂ ಕತ್ತಲೆಯಾದ ತಣ್ಣೀರಿನಲ್ಲಿ, ಹಡಗಿನ ಭಾರವೆಲ್ಲ ತಲೆಯ ಮೇಲಿರುವಾಗ, ಕೈತಡವುತ್ತ ಸುರಂಗ ತೋಡುವ ಕೆಲಸ ಎಷ್ಟು ಅಪಾಯದ್ದೆಂದು ಆಳದ ಮುಳುಗುಗಾರಿಕೆ ಮಾಡಿದವರಿಗೆ ಹೇಳಬೇಕಾಗಿಲ್ಲ. 1969ರ ಜುಲೈನಲ್ಲಿ ಹಡಗು ಹಗ್ಗಗಳ ತೊಟ್ಟಿಲಲ್ಲಿ ಮೇಲೆ ಬಂತು. ನೀರನ್ನು ಹೊರಹಾಕಿದಾಗ 105 ವರ್ಷಗಳ ಹಿಂದೆ ಮುಳುಗಿದ ಆ ಒಡಲು ತನ್ನ ತಳದ ಮೇಲೆ ತಾನೇ ತೇಲಿತು. ತಾಂತ್ರಿಕವಾಗಿ ಇದೊಂದು ಅಪರೂಪದ ಸಾಧನೆ. ಮುಂದೆ ಆದದ್ದರಿಂದ ಇದರ ಯೋಗ್ಯತೆ ಕಡಿಮೆಯಾಗುವುದಿಲ್ಲ.

ಹೂಳಿನಲ್ಲಿ ನಾವಿಕರ ಉಪಕರಣಗಳು, ಪಿಂಗಾಣಿ ಮತ್ತು ಮಣ್ಣಿನ ಪಾತ್ರೆಗಳು, ಬಟ್ಟೆಬರೆ, ದೀಪಗಳು ಸಿಕ್ಕವು. ಒಂದು ಜಾಡಿಯಲ್ಲಿದ್ದ ಚೀಸ್ ಇನ್ನೂ ತಿನ್ನುವಂತಿತ್ತು ಎಂದು ಆಗಿನ ವರದಿಗಳು ಹೇಳುತ್ತವೆ. ನೀರಡಿಯ ಪುರಾತತ್ತ್ವದ ಬರಹಗಳಲ್ಲಿ ಮರುಕಳಿಸುವ ವಿವರಗಳಲ್ಲಿ ಇದೂ ಒಂದು.

ನಾಶ

ಹಡಗನ್ನು ಮಿಶಿಗನ್ ರಾಜ್ಯದ ಮೆನಾಮಿನಿ ಊರಿನಲ್ಲಿ ಪ್ರದರ್ಶನಕ್ಕಿಟ್ಟರು. ಟಿಕೆಟಿನ ಹಣದಿಂದ ಸಾಲ ತೀರಿಸಿ ಸಂರಕ್ಷಣೆಯನ್ನೂ ಮಾಡಬಹುದು ಎಂಬ ಲೆಕ್ಕವಿತ್ತು. 1974ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಹೆಸರು ಸೇರಿತು. ಪಟ್ಟಿಯಲ್ಲಿ ಸೇರಿದ್ದರಿಂದ ಗೌರವ ಬಂತು. ಇಡೀ ಹಡಗಿಗೆ ದ್ರಾವಣ ಸಿಂಪಡಿಸುವಷ್ಟು ಹಣವಾಗಲಿ, ಅದನ್ನು ಇಡಲು ಉಷ್ಣತೆ ತೇವಾಂಶ ಹತೋಟಿಯಲ್ಲಿರುವ ಕಟ್ಟಡವಾಗಲಿ ಬರಲಿಲ್ಲ. ಬೇಸಿಗೆಯ ಬಿಸಿಲು, ಚಳಿಗಾಲದ ಹಿಮ ಒಂದಾದ ಮೇಲೊಂದು ಬಂದವು. ಮರದೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ, ಕರಗಿ, ಮತ್ತೆ ಹೆಪ್ಪುಗಟ್ಟಿತು. ಹಲಗೆಗಳು ಬಾಗಿದವು, ಅಟ್ಟ ಕೊಳೆಯಿತು, ಬದಿಗಳು ಜೋತವು. 1980ರ ದಶಕದಲ್ಲಿ ಹಡಗು ಕೈ ಬದಲಾಯಿತು. 1994ರಲ್ಲಿ ಉಳಿದದ್ದನ್ನು ಯಂತ್ರ ಹಚ್ಚಿ ಕೆಡವಿದರು.

ಈ ನಾಶದ ಹೊಣೆಯನ್ನು ಹಾಫ್‌ಮನ್ ಒಬ್ಬನ ಮೇಲೆ ಹೊರಿಸುವುದು ಸರಿಯೆನಿಸುವುದಿಲ್ಲ. ಸರ್ಕಾರದ ಕೈಯಲ್ಲೇ ಇದ್ದ ಹಡಗಿಗೂ ಇದೇ ಗತಿ ಬಂದ ಉದಾಹರಣೆ 1960ರ ದಶಕದಲ್ಲೇ ಇದೆ. ಅಂತರ್ಯುದ್ಧದಲ್ಲಿ 1862ರಲ್ಲಿ ಯಾಜೂ ನದಿಯಲ್ಲಿ ಮುಳುಗಿದ ಕೈರೊ ಎಂಬ ಯುದ್ಧದೋಣಿಯನ್ನು 1964ರಲ್ಲಿ ತುಂಡುತುಂಡಾಗಿ ಎತ್ತಿದರು; ವಿಕ್ಸ್‌ಬರ್ಗ್‌ನಲ್ಲಿ ಅದನ್ನು ಜೋಡಿಸುವ ಹೊತ್ತಿಗೆ ಮರದ ಬಹುಪಾಲು ಹೋಗಿತ್ತು. ಎತ್ತುವುದು ಒಂದು ಋತುವಿನ ಕೆಲಸ, ಉಳಿಸುವುದು ಒಂದು ತಲೆಮಾರಿನ ಕೆಲಸ ಎಂಬ ಅಂದಾಜು ಆಗ ಅಮೆರಿಕದಲ್ಲಿ ಯಾರಿಗೂ ಇದ್ದಂತೆ ಕಾಣುವುದಿಲ್ಲ.

ತರುವಾಯದ ನೀತಿ

1988ರಲ್ಲಿ ಅಂಗೀಕಾರಗೊಂಡ ಅಮೆರಿಕದ ಪರಿತ್ಯಕ್ತ ನೌಕಾವಶೇಷ ಕಾಯಿದೆ, ತಳದಲ್ಲಿ ಹೂತುಹೋದ ಹಳೆಯ ಹಡಗುಗಳ ಒಡೆತನವನ್ನು ಆಯಾ ರಾಜ್ಯಗಳಿಗೆ ಕೊಟ್ಟಿತು. ಕಂಡವರು ಎತ್ತಿಕೊಳ್ಳುವ ಪದ್ಧತಿ ಬಹುಮಟ್ಟಿಗೆ ಅಲ್ಲಿಗೆ ನಿಂತಿತು. ಹ್ಯೂರನ್ ಸರೋವರದ ಥಂಡರ್ ಬೇ (2000) ಮತ್ತು ಮಿಶಿಗನ್ ಸರೋವರದ ವಿಸ್ಕಾನ್ಸಿನ್ ತೀರ (2021) ರಾಷ್ಟ್ರೀಯ ಜಲಧಾಮಗಳಾದವು. ಹಡಗನ್ನು ಇದ್ದಲ್ಲೇ ಬಿಟ್ಟು, ಅಳತೆ ತೆಗೆದು, ಸಾವಿರಾರು ಛಾಯಾಚಿತ್ರಗಳನ್ನು ಜೋಡಿಸಿ ಮೂರು ಆಯಾಮದ ಪ್ರತಿರೂಪ ಮಾಡುವುದು ಈಗಿನ ರೂಢಿ.

ಇದ್ದಲ್ಲೇ ಬಿಡುವುದೂ ನಿರಪಾಯವಲ್ಲ. ಸಾಗರದಾಚೆಯಿಂದ ಹಡಗುಗಳ ಸಮತೋಲದ ನೀರಿನಲ್ಲಿ ಬಂದ ಜೀಬ್ರಾ ಕಪ್ಪೆಚಿಪ್ಪು 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಂಡಿತು. ಅದರ ಹಿಂದೆಯೇ ಬಂದ ಕ್ವಾಗಾ ಕಪ್ಪೆಚಿಪ್ಪು ಇನ್ನೂ ಆಳಕ್ಕೆ ಇಳಿಯಬಲ್ಲದು. ಮಿಶಿಗನ್ ಸರೋವರದ ತಳ ಈಗ ಬಹುಪಾಲು ಅದರದೇ. ಚಿಪ್ಪುಗಳು ಮರದ ಮೇಲೆ ಪದರಪದರವಾಗಿ ಅಂಟಿ ಕೆತ್ತನೆಯನ್ನೂ ಕೀಲುಗಳನ್ನೂ ಮುಚ್ಚುತ್ತವೆ, ಕಬ್ಬಿಣದ ಮೊಳೆಗಳ ತುಕ್ಕನ್ನು ವೇಗಗೊಳಿಸುತ್ತವೆ, ಭಾರಕ್ಕೆ ಹಲಗೆ ಕಳಚುವಂತೆ ಮಾಡುತ್ತವೆ. ದಾಖಲೆ ಮಾಡುವವರಿಗೆ ಉಳಿದಿರುವ ಕಾಲ ಹೆಚ್ಚಿಲ್ಲ ಎಂಬುದು ಈ ಕ್ಷೇತ್ರದವರ ಸಾಮಾನ್ಯ ಅಭಿಪ್ರಾಯ.

ಹೋಲುವ ಪ್ರಕರಣಗಳು

1813ರ ಆಗಸ್ಟ್ 8ರ ನಸುಕಿನಲ್ಲಿ ಆಂಟೇರಿಯೊ ಸರೋವರದಲ್ಲಿ ಹ್ಯಾಮಿಲ್ಟನ್ ಮತ್ತು ಸ್ಕರ್ಜ್ ಎಂಬ ಎರಡು ಸ್ಕೂನರುಗಳು ಒಂದೇ ಬಿರುಗಾಳಿಗೆ ಮಗುಚಿದವು. 50ಕ್ಕೂ ಹೆಚ್ಚು ಜನ ಸತ್ತರು. ವ್ಯಾಪಾರಿ ಹಡಗುಗಳ ಅಟ್ಟದ ಮೇಲೆ ಫಿರಂಗಿಗಳನ್ನು ಹೇರಿದ್ದರಿಂದ ಅವುಗಳ ತಲೆಭಾರ ಹೆಚ್ಚಿತ್ತು. 1973ರಲ್ಲಿ ಪತ್ತೆಯಾದ ಇವೆರಡೂ ಸುಮಾರು 90 ಮೀಟರ್ ಆಳದಲ್ಲಿ ನೆಟ್ಟಗೆ ಕುಳಿತಿವೆ. ಎತ್ತುವ ಯೋಚನೆ ಒಂದು ಕಾಲಕ್ಕೆ ಇದ್ದರೂ ಈಗ ಕೆನಡಾದ ಹ್ಯಾಮಿಲ್ಟನ್ ನಗರದ ಒಡೆತನದಲ್ಲಿ ಅಲ್ಲಿಯೇ ರಕ್ಷಿತವಾಗಿವೆ. ಶಿಕಾಗೊಗೆ ಕ್ರಿಸ್ಮಸ್ ಮರ ಒಯ್ಯುತ್ತ 1912ರ ನವೆಂಬರ್ 23ರಂದು ಮುಳುಗಿದ ರೌಸ್ ಸಿಮನ್ಸ್ ವಿಸ್ಕಾನ್ಸಿನ್‌ನ ಟೂ ರಿವರ್ಸ್ ಊರಿನಾಚೆ ಸುಮಾರು 50 ಮೀಟರ್ ಆಳದಲ್ಲಿದೆ. 1971ರಲ್ಲಿ ಮುಳುಗುಗಾರರಿಗೆ ಸಿಕ್ಕಾಗ ಅದರ ಒಡಲಿನಲ್ಲಿ ಸರಕಿನ ಮರಗಳು ಇನ್ನೂ ಒತ್ತಿ ಜೋಡಿಸಿದಂತೆಯೇ ಇದ್ದವು. 2006ರಲ್ಲಿ ವಿಸ್ಕಾನ್ಸಿನ್ ಐತಿಹಾಸಿಕ ಸಂಘ ಇದರ ವಿವರವಾದ ಸಮೀಕ್ಷೆ ನಡೆಸಿತು.